ಮಗುವಿನ ಆರೋಗ್ಯ: ಸಲಹೆಗಳು ಒಂದಕ್ಕೊಂದು ತಾಳೆಯಾಗದಿದ್ದಾಗ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೈವಳಿಕೆ, ಮಂಜೇಶ್ವರದ ಕನ್ನಡ ಮನೆಗಳಲ್ಲಿ ಹಸುಗೂಸಿನ ವಿಷಯವಾಗಿ ಅಜ್ಜಿ ಒಂದು ಹೇಳಿದರೆ ಆಶಾ ಕಾರ್ಯಕರ್ತೆ ಇನ್ನೊಂದು ಹೇಳುತ್ತಾರೆ. ಮಂಗಳೂರಿನ ಮಕ್ಕಳ ವೈದ್ಯರ ಚೀಟಿಯಲ್ಲಿ ಮೂರನೆಯದೊಂದು ಇರುತ್ತದೆ. ಯಾರ ಮಾತು ಸರಿ ಎಂದು ತೀರ್ಮಾನಿಸಲು ಹೊರಡುವ ಮೊದಲು, ಆ ಸಲಹೆ ಎಷ್ಟು ತಿಂಗಳಿನ, ಎಷ್ಟು ತೂಕದ ಮಗುವಿಗೆ ಎಂದು ಕೇಳಿಕೊಳ್ಳಿ. ಹಲವು ಭಿನ್ನಾಭಿಪ್ರಾಯಗಳು ಅಲ್ಲಿಗೇ ಮುಗಿಯುತ್ತವೆ.

ಸೆಕೆಗಾಲದಲ್ಲಿ ಎರಡು ಚಮಚ ನೀರು ಕುಡಿಸಬೇಕೆನ್ನುವ ಅಜ್ಜಿಯ ಮಾತು ಆರು ತಿಂಗಳು ತುಂಬಿದ ಮಗುವಿಗೆ ಸರಿಯೇ. ಅದಕ್ಕಿಂತ ಚಿಕ್ಕ ಕೂಸಿಗೆ ಎದೆಹಾಲಿನಲ್ಲಿರುವ ನೀರೇ ಸಾಕು. ರಾಗಿ ಮಣ್ಣಿ, ಅಂಗನವಾಡಿಯಲ್ಲಿ ಕೊಡುವ ಅಮೃತಂ ಎಂಬ ಪೌಷ್ಟಿಕ ಪುಡಿಗಳನ್ನು ಕೊಡಲೂ ಆರು ತಿಂಗಳು ತುಂಬಬೇಕು. ಜೇನನ್ನು ಮಾತ್ರ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು, ಏಕೆಂದರೆ ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ಸ್ನಾಯುಗಳ ಶಕ್ತಿಯನ್ನು ಕುಂದಿಸುವ ಬೊಟುಲಿಸಂ ಎಂಬ ಕಾಯಿಲೆಯನ್ನು ತರಬಲ್ಲವು.

ಹೆಚ್ಚು ಎಚ್ಚರ ಬೇಕಾದದ್ದು ಜ್ವರದ ಔಷಧದಲ್ಲಿ. ಊರಿನ ವೈದ್ಯರು 1 ಮಿಲಿಲೀಟರ್ ಎಂದೂ ಮಂಗಳೂರಿನವರು 4 ಮಿಲಿಲೀಟರ್ ಎಂದೂ ಬರೆದಿದ್ದರೆ ತಾಯಿ ಗಾಬರಿಯಾಗುವುದು ಸಹಜ. ಆದರೆ ಎರಡೂ ಸರಿಯಿರಬಹುದು. ಪ್ಯಾರಾಸಿಟಮಾಲ್ ಹನಿ ಔಷಧದಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಾದರೆ 5 ಮಿಲಿಲೀಟರಿಗೆ 125 ಅಥವಾ 250 ಮಿಲಿಗ್ರಾಂ ಇರುವ ಬಾಟಲಿಗಳು ಸಿಗುತ್ತವೆ. 125ರ ಸಿರಪ್ಪಿನ 4 ಮಿಲಿಲೀಟರ್ ಎಂದರೂ ಅದೇ 100 ಮಿಲಿಗ್ರಾಂ. ಒಬ್ಬರು ಹೇಳಿದ ಅಳತೆಯನ್ನು ಇನ್ನೊಬ್ಬರು ಬರೆದ ಬಾಟಲಿಯಿಂದ ಕೊಟ್ಟಾಗಲೇ ಅಪಾಯ: 4 ಮಿಲಿಲೀಟರ್ ಹನಿ ಔಷಧ ಹೊಟ್ಟೆಗೆ ಹೋದರೆ ಅದು ನಾಲ್ಕು ಪಟ್ಟು. ಬೇರೆ ಬೇರೆ ಹೆಸರಿನ ಎರಡು ಔಷಧಗಳಲ್ಲಿ ಇರುವುದು ಒಂದೇ ಪ್ಯಾರಾಸಿಟಮಾಲ್ ಆಗಿರುವುದೂ ಉಂಟು. ಆದ್ದರಿಂದ ಮನೆಯಲ್ಲಿರುವ ಎಲ್ಲ ಬಾಟಲಿಗಳನ್ನೂ ಹಳೆಯ ಚೀಟಿಗಳನ್ನೂ ವೈದ್ಯರ ಬಳಿಗೆ ಒಯ್ದು ತೋರಿಸಿ.

ಲಸಿಕೆಯ ವಿಷಯದಲ್ಲಿ ಸರಕಾರಿ ಪಟ್ಟಿ ಬೇರೆ, ಖಾಸಗಿ ವೈದ್ಯರ ಪಟ್ಟಿ ಬೇರೆ. ಒಂಬತ್ತು ತಿಂಗಳಿಗೆ ಆರೋಗ್ಯ ಕೇಂದ್ರದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆ ಹಾಕಿದರೆ, ಖಾಸಗಿಯವರು ಮಂಗನಬಾವನ್ನೂ ಸೇರಿಸಿದ ಎಂಎಂಆರ್ ಬರೆಯುತ್ತಾರೆ. ಇದು ಜಗಳವಲ್ಲ. ಒಂದೇ ಕಾರ್ಡನ್ನು ಎಲ್ಲೆಡೆ ಒಯ್ಯಿರಿ. ಅದರ ಮಲಯಾಳ ಸೂಚನೆಗಳನ್ನು ಆಶಾ ಕಾರ್ಯಕರ್ತೆಯಿಂದ ಓದಿಸಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ.

ಇಷ್ಟಾದರೂ ಉಳಿಯುವ ಭೇದಗಳಲ್ಲಿ, ಸಲಹೆ ತಪ್ಪಾಗಿದ್ದರೆ ಮಗುವಿಗೆ ಏನಾದೀತು ಎಂದು ಯೋಚಿಸಿ. ಮೈಗೆ ಎಣ್ಣೆ ತಿಕ್ಕಿ ಮೀಯಿಸುವುದರಿಂದ ಹಾನಿಯಿಲ್ಲ, ಹಿರಿಯರ ಮನಸ್ಸಿಗೂ ಸಮಾಧಾನ. ಮೂಗಿಗೆ ಎಣ್ಣೆ ಬಿಡುವುದನ್ನು ಮಾತ್ರ ಒಪ್ಪಬೇಡಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು. "ನಿಮಗೆ ತಿಳಿಯದು" ಎನ್ನುವ ಬದಲು, "ಅತ್ತೇ, ಆರು ತಿಂಗಳು ತುಂಬಲಿ, ಮೊದಲ ಮಣ್ಣಿಯನ್ನು ನೀವೇ ತಿನ್ನಿಸಿ" ಎಂದರೆ ಮಗುವೂ ಕ್ಷೇಮ, ಮಾತೂ ಉಳಿಯುತ್ತದೆ.

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ, ಯಾವ ವಯಸ್ಸಿನ ಮಗುವಾದರೂ ಹಾಲು ಕುಡಿಯದಿದ್ದರೆ, ಉಸಿರಾಡುವಾಗ ಎದೆಗೂಡು ಒಳಗೆ ಸೆಳೆದರೆ, ಫಿಟ್ಸ್ ಬಂದರೆ ಯಾರ ಅಭಿಪ್ರಾಯಕ್ಕೂ ಕಾಯದೆ ಹತ್ತಿರದ ಆಸ್ಪತ್ರೆಗೆ ಹೊರಡಿ. ಅಷ್ಟು ತುರ್ತಲ್ಲದ ಸಂಶಯಗಳಿಗೆ ಕೇರಳ ಸರಕಾರದ ದಿಶಾ ಸಹಾಯವಾಣಿ 1056ಕ್ಕೆ ಕರೆ ಮಾಡಬಹುದು.