ಯಶಸ್ವಿ ರ‍್ಯಾಪರ್ ಒಬ್ಬರ ಜೊತೆಗೆ ಅವರ ತಂಡವನ್ನೂ ಬೆಳೆಸುವುದು ಹೇಗೆ?

ತಂಡದಲ್ಲಿ ಒಬ್ಬರಿಗೆ ಮಾತ್ರ ದೊಡ್ಡ ಹೆಸರು ಬಂದಾಗ ಉಳಿದವರನ್ನು ಕೇಳುಗರ ಮುಂದೆ ನಿಲ್ಲಿಸಲು ಹೊರಟವರು ಅಮೆರಿಕದ ಡೆಟ್ರಾಯಿಟ್‌ನ ಡಿ12 ಎಂಬ ರ‍್ಯಾಪ್ ತಂಡವನ್ನು ಗಮನಿಸುವುದು ಒಳ್ಳೆಯದು. ಅನುಸರಿಸಬೇಕಾದದ್ದೂ ಎಚ್ಚರ ವಹಿಸಬೇಕಾದದ್ದೂ ಅಲ್ಲಿವೆ.

ಒಪ್ಪಂದವನ್ನು ಹೆಸರು ಬರುವ ಮೊದಲೇ ಮಾಡಿಕೊಳ್ಳಿ. ಯಾರು ಮೊದಲು ಗೆದ್ದರೂ ಉಳಿದವರಿಗಾಗಿ ಹಿಂದಿರುಗಿ ಬರಬೇಕೆಂದು ಈ ಗೆಳೆಯರು ಮಾತಾಡಿಕೊಂಡಿದ್ದರು. 1999ರಲ್ಲಿ ಅವರಲ್ಲೊಬ್ಬರಾದ ಎಮಿನೆಮ್ ಗೆದ್ದರು. ಅದೇ ವರ್ಷ ತಮ್ಮ ಮ್ಯಾನೇಜರ್ ಪಾಲ್ ರೋಸೆನ್‌ಬರ್ಗ್ ಜೊತೆಗೂಡಿ ಶೇಡಿ ರೆಕಾರ್ಡ್ಸ್ ಎಂಬ ಲೇಬಲ್ (ಹಾಡುಗಳನ್ನು ಹೊರತರುವ ಕಂಪನಿ) ಸ್ಥಾಪಿಸಿ, ಮೊದಲಿಗೆ ಈ ತಂಡವನ್ನೇ ಸೇರಿಸಿಕೊಂಡರು. ಆದರೆ ಹಣದ ವಿಷಯಕ್ಕೆ ಬಾಯಿಮಾತು ಸಾಲದು. ರಾಯಲ್ಟಿಯ ಪಾಲು ಎಷ್ಟು, ತಂಡದ ಹೆಸರು ಯಾರದು ಎಂಬುದನ್ನೆಲ್ಲ ಬರೆದಿಡಬೇಕು. ಲೇಬಲ್ ನಾಯಕರದ್ದೇ ಆಗಿದ್ದರೆ ಸದಸ್ಯರಿಗೆ ಬೇರೆ ವಕೀಲರು ಇರಲೇಬೇಕು.

ನಿಜವಾದ ಶ್ರಮ ಬೇಡುವುದು ದನಿಗಳ ವಿಂಗಡಣೆ. ಡಿ12ನಲ್ಲಿ ಆರು ಮಂದಿಯೂ ತಲಾ ಒಂದು ಬದಲಿ ಪಾತ್ರವನ್ನು ಕಟ್ಟಿಕೊಂಡಿದ್ದರಿಂದ ಆರು ಹನ್ನೆರಡಾಯಿತು. ಸದಸ್ಯರಲ್ಲೊಬ್ಬರಾದ ಬಿಜಾರ್ ಬೇಕೆಂದೇ ಮುಜುಗರ ಹುಟ್ಟಿಸುವಂತೆ ಹಾಸ್ಯ ಮಾಡುವುದನ್ನು ನಾಲ್ಕು ಸಾಲು ಕೇಳಿದರೆ ಸಾಕು, ಯಾರೆಂದು ತಿಳಿಯುತ್ತದೆ. ನಿಮ್ಮ ಸದಸ್ಯರಿಂದಲೂ ಒಂದೇ ಬೀಟ್‌ಗೆ (ತಾಳದ ಹಿನ್ನೆಲೆ ಸಂಗೀತಕ್ಕೆ) ಹದಿನಾರು ಬಾರ್‌ಗಳ, ಅಂದರೆ ಹದಿನಾರು ತಾಳದ ಆವರ್ತಗಳ, ವರ್ಸ್ (ರ‍್ಯಾಪ್ ಚರಣ) ರೆಕಾರ್ಡ್ ಮಾಡಿಸಿ, ತಂಡದ ಪರಿಚಯವೇ ಇಲ್ಲದವರಿಗೆ ಹೆಸರು ಹೇಳದೆ ಕೇಳಿಸಿ. ಯಾವ ಇಬ್ಬರ ದನಿ ಬೆರೆತುಹೋಗುತ್ತದೆಯೋ ಅವರು ವೇಗವನ್ನೋ ವಿಷಯವನ್ನೋ ಬದಲಿಸಿಕೊಳ್ಳಬೇಕು. ನಾಯಕರಿಗೆ ಹುಕ್ (ಮರುಕಳಿಸುವ ಪಲ್ಲವಿ) ಕೊಡಿ, ಅವರ ವರ್ಸನ್ನು ಕೊನೆಗೆ ಇಡಿ. ಮೊದಲೇ ಇಟ್ಟರೆ ಅದು ಮುಗಿದೊಡನೆ ಜನ ಮುಂದಿನ ಹಾಡಿಗೆ ಹಾರುತ್ತಾರೆ.

ಬಿಡುಗಡೆಯ ಸಮಯದಲ್ಲಿ ತಡಮಾಡಬಾರದು. ಎಮಿನೆಮ್ ಅವರ 2000ದ ಆಲ್ಬಮ್ಮಿನಲ್ಲಿ ಅತಿಥಿಗಳಾಗಿ ಕೇಳಿಸಿಕೊಂಡ ಡಿ12, 2001ರ ಜೂನ್‌ನಲ್ಲಿ ಸ್ವಂತ ಆಲ್ಬಮ್ ತಂದು ಅಮೆರಿಕದ ಆಲ್ಬಮ್‌ಗಳ ಬಿಲ್‌ಬೋರ್ಡ್ 200 ಪಟ್ಟಿಯ ಮೊದಲ ಸ್ಥಾನಕ್ಕೇರಿತು. ರ‍್ಯಾಪರ್ 50 ಸೆಂಟ್ ಇನ್ನೂ ಚುರುಕಾಗಿದ್ದರು: 2002ರ ಮಿಕ್ಸ್‌ಟೇಪ್‌ಗಳಲ್ಲೇ (ಅಧಿಕೃತ ಆಲ್ಬಮ್ಮಿಗೆ ಹೊರತಾದ ಹಾಡುಗಳ ಸಂಗ್ರಹಗಳಲ್ಲೇ) ತಮ್ಮ ತಂಡ ಜಿ-ಯೂನಿಟ್‌ನ ಹೆಸರನ್ನು ಹರಡಿ, 2003ರ ಫೆಬ್ರವರಿಯಲ್ಲಿ ತಮ್ಮ ಆಲ್ಬಮ್ಮನ್ನೂ ನವೆಂಬರ್‌ನಲ್ಲಿ ತಂಡದ ಆಲ್ಬಮ್ಮನ್ನೂ ತಂದರು. ಆ ತಂಡದ ಸದಸ್ಯ ಟೋನಿ ಯಾಯೊ ಜೈಲಿನಲ್ಲಿದ್ದ ಆ ಹೊತ್ತಿನಲ್ಲಿ ಯಂಗ್ ಬಕ್ ತಂಡಕ್ಕೆ ಬಂದದ್ದರಿಂದ ಕೆಲಸ ನಿಲ್ಲಲಿಲ್ಲ.

ಇಷ್ಟಾದರೂ ಮಾಧ್ಯಮದವರ ಕಣ್ಣು ಒಬ್ಬರ ಮೇಲೆಯೇ ಇರುತ್ತದೆ. ಡಿ12 ಆ ಅಸಮಾಧಾನವನ್ನು ಮುಚ್ಚಿಡದೆ 2004ರಲ್ಲಿ ಅದನ್ನೇ ತಮಾಷೆಯ ಹಾಡಾಗಿಸಿತು. ಹಾಡು ಅಮೆರಿಕದ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಆರನೆಯ ಸ್ಥಾನ ಪಡೆಯಿತು. ಎಲ್ಲರಿಗೂ ಈ ಜಾಣತನ ಒಗ್ಗದು. ಒಗ್ಗದಿದ್ದರೆ ಕೆಲವು ಸಂದರ್ಶನಗಳಿಗೆ ನಾಯಕರನ್ನು ಬಿಟ್ಟು ಹೋಗಿ.

ಕೊನೆಯದಾಗಿ, ತಂಡದ ದಿನನಿತ್ಯದ ಆಡಳಿತವನ್ನು ತಾರೆಗೆ ವಹಿಸಬೇಡಿ, ಅವರಿಗೆ ಪುರುಸೊತ್ತಿರುವುದಿಲ್ಲ. ಡಿ12ನಲ್ಲಿ ಎಲ್ಲರನ್ನೂ ಹಿಡಿದಿಟ್ಟವರು ಪ್ರೂಫ್ ಎಂಬ ಸದಸ್ಯ. 2006ರ ಏಪ್ರಿಲ್‌ನಲ್ಲಿ ಅವರು ಗುಂಡೇಟಿಗೆ ಬಲಿಯಾದ ಬಳಿಕ ತಂಡದಿಂದ ಮೂರನೆಯ ಸ್ಟುಡಿಯೋ ಆಲ್ಬಮ್ ಬರಲೇ ಇಲ್ಲ. ಅಂಥವರೊಬ್ಬರನ್ನು ಆರಿಸಿ, ಅವರ ಕೆಲಸವನ್ನು ಮತ್ತೊಬ್ಬರಿಗೂ ಕಲಿಸಿಡಿ.