ರೊಟ್ಟಿ ಕೇಂದ್ರದ ಅಕ್ಕಂದಿರ ಕೈಗೆ ವರ್ಡ್‌ಪ್ರೆಸ್ ಕೊಟ್ಟ ನನ್ನ ಅನುಭವ

ಕಲಬುರಗಿಯ ಆಳಂದ ರಸ್ತೆ ಕಡೆ ಒಂದು ಸಣ್ಣ ರೊಟ್ಟಿ ಕೇಂದ್ರ ಇದೆ. ಐದು ಜನ ಅಕ್ಕಂದಿರು ಸೇರಿ ನಡೆಸುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹಬ್ಬದ ಟೈಮಲ್ಲಿ ಹೋಳಿಗೆ. ವರ್ಡ್‌ಪ್ರೆಸ್‌ನಲ್ಲಿ (ಕೋಡ್ ಬರೆಯದೆ ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರ್) ನಾನು ಮಾಡಿಕೊಟ್ಟ ಅವರ ವೆಬ್‌ಸೈಟನ್ನು ಹೆಚ್ಚುಕಡಿಮೆ ಹದಿನಾಲ್ಕು ತಿಂಗಳಿಂದ ಅವರೇ ನೋಡಿಕೊಳ್ಳುತ್ತಿದ್ದಾರೆ. ನಾನು ತಿಂಗಳಿಗೆ ಒಂದೆರಡು ಸಲ ಅಪ್‌ಡೇಟ್ ಮಾಡಲು ಲಾಗಿನ್ ಆಗುತ್ತೇನೆ, ಅಷ್ಟೇ.

ಇದನ್ನು ಶುರು ಮಾಡಿದಾಗ ಸೂಪರ್ ಮಾರ್ಕೆಟ್ ಏರಿಯಾ ಸುತ್ತಮುತ್ತ ನನ್ನ ಹಾಗೇ ಸೈಟ್ ಮಾಡಿಕೊಡುವ ಗೆಳೆಯರು ಯಾರೂ ಒಪ್ಪಲಿಲ್ಲ. "ಹತ್ತನೇ ಕ್ಲಾಸ್ ಮುಗಿಸದವರ ಕೈಯಾಗ ಸೈಟ್ ನಡೆಸೋ ಡ್ಯಾಶ್‌ಬೋರ್ಡ್ ಕೊಡ್ತಿಯೇನೋ? ವಾರದಾಗ ಸೈಟ್ ಮಕ್ಕೊಂತದ ನೋಡು" ಅಂದರು. ಇನ್ನೊಬ್ಬ ಬೇರೆ ಲೆಕ್ಕ ಹೇಳಿದ, ತಿಂಗಳಿಗೆ ಬರೋ 500 ರೂಪಾಯಿ ಮೇಂಟೆನೆನ್ಸ್ ಯಾಕೆ ಕಳ್ಕೊಳ್ತಿ ಅಂತ. ಆ 500 ಎಷ್ಟು ಜನ ಕೊಡುತ್ತಾರೆ ಅಂತ ನಿಮಗೂ ಗೊತ್ತು. ನನ್ನ ಹತ್ತಿರ ಆಗ ಹನ್ನೆರಡೋ ಹದಿಮೂರೋ ಸೈಟ್ ಇದ್ದವು, ಮೂರನೇ ತಿಂಗಳಿಗೆ ದುಡ್ಡು ಕೊಡುತ್ತಿದ್ದವರು ನಾಲ್ಕೇ ಜನ, ಆದರೆ "ಅಣ್ಣಾ, ಸ್ವಲ್ಪ ರೇಟ್ ಬದಲ್ ಮಾಡ್ರಿ" ಅನ್ನೋ ವಾಟ್ಸಾಪ್ ಮೆಸೇಜ್ ಮಾತ್ರ ಎಲ್ಲರಿಂದಲೂ ದಿನಾ ಬರುತ್ತಿತ್ತು. ಝೆರಾಕ್ಸ್, ಡಿಟಿಪಿ ಕೆಲಸ ಬಿಟ್ಟು ಅರ್ಧ ದಿನ ಇದರಲ್ಲೇ ಹೋಗುತ್ತಿತ್ತು.

ಮೊದಲು ನಾನು ಮಾಡಿದ್ದು ಪೂರ್ತಿ ತಪ್ಪು. ನಾಲ್ಕೂವರೆ ಸಾವಿರ ಕೊಟ್ಟು ಒಂದು ಪೇಜ್ ಬಿಲ್ಡರ್ (ಎಳೆದು ಜೋಡಿಸಿ ಪುಟ ಮಾಡುವ ಸಾಧನ) ತಗೊಂಡೆ. ನನ್ನ ಕಂಪ್ಯೂಟರಲ್ಲಿ ಚೆಂದ ಕಾಣಿಸಿತು. ಅಕ್ಕನವರ ಫೋನಲ್ಲಿ ಮುಖಪುಟ ತೆರೆಯಲು ಹತ್ತು ಸೆಕೆಂಡ್, ಎಡಿಟ್ ಮಾಡೋ ಪರದೆ ತೆರೆಯಲೇ ಇಲ್ಲ. ಎರಡು ತಿಂಗಳು ಒದ್ದಾಡಿ ಅದನ್ನು ಕಿತ್ತೆಸೆದೆ. ಕಿತ್ತ ಮೇಲೆ ಪುಟಗಳ ತುಂಬಾ ಅದರ ಶಾರ್ಟ್‌ಕೋಡ್ (ಚೌಕ ಆವರಣದೊಳಗಿನ ಕೋಡ್ ತುಣುಕು) ಉಳಿದುಕೊಂಡಿತು, ಅದನ್ನು ಒಂದೊಂದಾಗಿ ಅಳಿಸಿದ್ದೂ ನಾನೇ.

ಅದಕ್ಕೂ ಮುಂಚೆ ನೆಹರು ಗಂಜ್‌ನ ಒಂದು ಬೇಳೆ ಅಂಗಡಿಯ ಸೈಟಿನಲ್ಲಿ ಇನ್ನೂ ದೊಡ್ಡ ಪೆಟ್ಟು ತಿಂದಿದ್ದೆ. ದುಡ್ಡು ಉಳಿಸೋಣ ಅಂತ ಪುಕ್ಕಟೆ ಸಿಕ್ಕ ನಲ್ಡ್ ಥೀಮ್ (ಥೀಮ್ ಅಂದರೆ ಸೈಟಿನ ರೂಪ, ನಲ್ಡ್ ಅಂದರೆ ದುಡ್ಡಿನದರ ಕದ್ದ ಪ್ರತಿ) ಹಾಕಿದ್ದೆ. ಒಂದು ದಿನ ಮಾಲೀಕರು ಗೂಗಲ್‌ನಲ್ಲಿ ಅಂಗಡಿ ಹೆಸರು ಹುಡುಕಿದರೆ ಕೆಳಗೆಲ್ಲ ಜಪಾನಿ ಅಕ್ಷರ! ಸೈಟ್ ಹ್ಯಾಕ್ ಆಗಿತ್ತು. ಫೋಟೊ ಇರಬೇಕಾದ ಅಪ್‌ಲೋಡ್ಸ್ ಫೋಲ್ಡರಿನೊಳಗೆ ಪಿಎಚ್‌ಪಿ (ಕೋಡ್) ಫೈಲುಗಳು ಕೂತಿದ್ದವು, ನನಗೆ ಗೊತ್ತಿಲ್ಲದ ಒಬ್ಬ ಅಡ್ಮಿನ್ ಕೂಡ ಇದ್ದ. ವರ್ಡ್‌ಪ್ರೆಸ್‌ನ ಮೂಲ ಫೈಲ್ ಎಲ್ಲಾ ಹೊಸದಾಗಿ ಹಾಕಿ, ಪಾಸ್‌ವರ್ಡ್ ಜೊತೆಗೆ ಕಾನ್ಫಿಗ್ ಫೈಲಿನ ಸಾಲ್ಟ್ ಕೀಗಳನ್ನೂ (ಇವು ಬದಲಾದರೆ ಹಳೇ ಲಾಗಿನ್ ಎಲ್ಲ ರದ್ದು) ಬದಲಿಸಿದ ಮೇಲೆ ಸೈಟ್ ಸ್ವಚ್ಛವಾಯಿತು. ಗೂಗಲ್‌ನಿಂದ ಆ ಅಕ್ಷರ ಹೋಗಲು ಮತ್ತೆ ಆರೇಳು ವಾರ. ಅವರು ಕೊಟ್ಟಿದ್ದ 6,000 ವಾಪಸ್ ಕೊಟ್ಟೆ, ಕೇಳಿರಲಿಲ್ಲ, ನಾನೇ ಕೊಟ್ಟೆ. ಅವತ್ತಿಂದ ಕದ್ದ ಥೀಮ್ ಮುಟ್ಟಿಲ್ಲ.

ರೊಟ್ಟಿ ಕೇಂದ್ರಕ್ಕೆ ಹೋಗೋಣ. ವರ್ಡ್‌ಪ್ರೆಸ್ ಜೊತೆಗೇ ಬರುವ ಥೀಮ್, ಅದರದೇ ಬ್ಲಾಕ್ ಎಡಿಟರ್ (ತುಣುಕು ತುಣುಕಾಗಿ ಬರೆಯುವ ಪರದೆ), ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ಜೋಡಣೆ) ಒಟ್ಟು ಐದು. ಪುಟಗಳನ್ನು ಅವರಿಗೆ ಕೊಡಲೇ ಇಲ್ಲ. ಇವತ್ತಿನ ರೇಟ್, ಇವತ್ತು ಏನಿದೆ, ಒಂದು ಫೋಟೊ, ಇಷ್ಟನ್ನು ಪೋಸ್ಟ್ ಆಗಿ ಹಾಕಿದರೆ ಸಾಕು, ಮುಖಪುಟದಲ್ಲಿ ಕ್ವೆರಿ ಲೂಪ್ (ಪೋಸ್ಟ್‌ಗಳನ್ನು ಸಾಲಾಗಿ ತೋರಿಸುವ ಬ್ಲಾಕ್) ಇಟ್ಟಿದ್ದೇನೆ, ಹೊಸ ಪೋಸ್ಟ್ ತಾನಾಗಿ ಮೇಲೆ ಬರುತ್ತದೆ. ನನ್ನ ಉಪಾಯ ಅಂದರೆ ಇದೇ.

ರೋಲ್ (ಲಾಗಿನ್ ಆದವರು ಏನೇನು ಮಾಡಬಹುದು ಅನ್ನೋ ಅಧಿಕಾರ) ಕೊಡುವಾಗಲೂ ಎಡವಿದೆ. ಹೆದರಿಕೊಂಡು ಕಡಿಮೆ ಅಧಿಕಾರದ ಕಂಟ್ರಿಬ್ಯೂಟರ್ ಕೊಟ್ಟಿದ್ದೆ. ಅದರಲ್ಲಿ ಫೋಟೊ ಅಪ್‌ಲೋಡ್ ಆಗಲ್ಲ ಅಲ್ವಾ, ಮೊದಲನೇ ದಿನವೇ ಅಕ್ಕ ಫೋನ್ ಮಾಡಿ "ನಮಗ ಇದೆಲ್ಲಾ ಆಗಂಗಿಲ್ಲ ಬಿಡ್ರಿ ಅಣ್ಣಾ" ಅಂದರು. ತಪ್ಪು ಅವರದಲ್ಲ, ನನ್ನದು. ಆಥರ್ ಮಾಡಿದೆ. ಆಥರ್ ತನ್ನ ಪೋಸ್ಟ್ ಮಾತ್ರ ಮುಟ್ಟಬಹುದು, ಪ್ಲಗಿನ್ ಕಣ್ಣಿಗೂ ಬೀಳಲ್ಲ. ತಪ್ಪಿ ಅಳಿಸಿದರೂ 30 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ. ಇಲ್ಲಿವರೆಗೆ ಎರಡೇ ಸಲ ಅಲ್ಲಿಂದ ತೆಗೆದುಕೊಟ್ಟಿದ್ದೇನೆ.

ಆಮೇಲೆ ಫೋಟೊ ಕಾಟ. ಫೋನಿನ ಫೋಟೊ ಒಂದೊಂದು ನಾಲ್ಕೈದು ಎಂಬಿ, ಹೋಸ್ಟಿಂಗ್‌ನವರು (ಸೈಟ್ ಇಡಲು ಜಾಗ ಬಾಡಿಗೆ ಕೊಡುವವರು) ಇಟ್ಟಿದ್ದ ಮಿತಿ 2 ಎಂಬಿ. ಮಿತಿ ಏರಿಸಿದರೆ ಜಾಗ ತುಂಬುತ್ತದೆ. ಇದಕ್ಕೆ ಫೋನಿನಲ್ಲೇ ಒಂದು ವ್ಯವಸ್ಥೆ ಮಾಡಿಕೊಟ್ಟಿದ್ದೇನೆ, ಅವರು ಏನೂ ಒತ್ತದೆ ಫೋಟೊ ಸಣ್ಣದಾಗುತ್ತದೆ. ಅದು ಹೇಗೆ ಅಂತ ಇಲ್ಲಿ ಹೇಳಲ್ಲ, ನನ್ನ ಹೊಟ್ಟೆಪಾಡು ಅದರ ಮೇಲಿದೆ.

ಎಲ್ಲಕ್ಕಿಂತ ಜಾಸ್ತಿ ಬೈಸಿಕೊಂಡಿದ್ದು ಕ್ಯಾಶ್‌ನಿಂದ. ದುಡ್ಡಲ್ಲ, ಪುಟ ಬೇಗ ತೆರೆಯಲಿ ಅಂತ ಉಳಿಸಿಟ್ಟ ಪ್ರತಿ. ಅಕ್ಕ ಬೆಳಿಗ್ಗೆ ಹೊಸ ರೇಟ್ ಹಾಕುತ್ತಾರೆ, ಗಿರಾಕಿಗೆ ನಿನ್ನೆಯದೇ ಕಾಣಿಸುತ್ತದೆ. ಒಬ್ಬರು ಹಳೇ ರೇಟಿಗೆ 200 ರೊಟ್ಟಿ ಬೇಕು ಅಂತ ಹಟ ಹಿಡಿದರು, ಅಕ್ಕ ಕೊಟ್ಟರು, ಸುಮ್ನೆ ಮುನ್ನೂರು ರೂಪಾಯಿ ಹೋಯಿತು. ನೋಡಿದರೆ ನನ್ನ ಕ್ಯಾಶ್ ಪ್ಲಗಿನ್ ಒಂದು, ಹೋಸ್ಟಿಂಗ್‌ನವರದು ಇನ್ನೊಂದು, ಎರಡೂ ಚಾಲೂ. ನನ್ನದನ್ನು ತೆಗೆದೆ, ಮುಖಪುಟವನ್ನು ಅವರದರಿಂದ ಹೊರಗಿಟ್ಟೆ. ಶೆಡ್ಯೂಲ್ ಮಾಡಿದ ಪೋಸ್ಟ್ ಕೂಡ ಹೊತ್ತಿಗೆ ಬರುತ್ತಿರಲಿಲ್ಲ. ಯಾರಾದರೂ ಸೈಟಿಗೆ ಬಂದರೆ ತಾನೇ ವರ್ಡ್‌ಪ್ರೆಸ್‌ನ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ವ್ಯವಸ್ಥೆ) ಏಳುವುದು, ಬೆಳಿಗ್ಗೆ ಆರಕ್ಕೆ ನಮ್ಮ ಸೈಟಿಗೆ ಯಾರು ಬರುತ್ತಾರೆ? ಸರ್ವರಿನಲ್ಲೇ ಹದಿನೈದು ನಿಮಿಷಕ್ಕೊಂದು ಕ್ರಾನ್ ಇಟ್ಟ ಮೇಲೆ ಸರಿಹೋಯಿತು.

ಕನ್ನಡದಲ್ಲಿ ಬರೆಯುವುದರಿಂದ ಒಂದು ತೊಂದರೆ ಇದೆ, ಕನ್ನಡದ ಸೈಟ್ ಮಾಡುವವರು ಇದನ್ನು ಅನುಭವಿಸಿರುತ್ತಾರೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ಸ್ಲಗ್ (ಲಿಂಕಿನ ಕೊನೆಯಲ್ಲಿ ಬರುವ ಹೆಸರು) ಕೂಡ ಕನ್ನಡವಾಗುತ್ತದೆ, ಒಳಗೆ ಒಂದೊಂದು ಅಕ್ಷರ, ಒಂದೊಂದು ಗುಣಿತದ ಗುರುತು ಒಂಬತ್ತೊಂಬತ್ತು ಜಾಗ ತಿನ್ನುತ್ತದೆ. ಡೇಟಾಬೇಸಿನಲ್ಲಿ ಇರುವ ಜಾಗ 200. ಅಂದರೆ ಇಪ್ಪತ್ತೆರಡಕ್ಕೆ ಮುಗಿಯಿತು, ಉಳಿದದ್ದು ಕತ್ತರಿಸಿಹೋಗುತ್ತದೆ. ವಾಟ್ಸಾಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಮಾರುದ್ದದ ಸಾಲು, ಗಿರಾಕಿ ಅದನ್ನು ವೈರಸ್ ಅಂದುಕೊಂಡು ಒತ್ತುವುದೇ ಇಲ್ಲ. ಈಗ ಸ್ಲಗ್ ತಾನಾಗಿಯೇ ಇಂಗ್ಲಿಷ್ ಅಕ್ಷರದಲ್ಲಿ ತಾರೀಖಾಗುವ ಹಾಗೆ ನಾಲ್ಕು ಸಾಲಿನ ಕೋಡ್ ಹಾಕಿದ್ದೇನೆ.

ಅದೇ ಹೊತ್ತಿಗೆ ಬೇಳೆ ಅಂಗಡಿಯಲ್ಲಿ ಒಂದು ಪ್ರಯೋಗ ಮಾಡಿದೆ. ಊರಿನ ಹೆಸರು 2014ರಲ್ಲೇ ಕಲಬುರಗಿ ಆಯಿತು, ಆದರೆ ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇದು ಇದೇ ಊರಿನದು ಅನ್ನೋ ಗುರುತು) ಸಿಕ್ಕಿದ್ದು ಗುಲ್ಬರ್ಗಾ ಹೆಸರಲ್ಲೇ. ಒಂದು ಪುಟಕ್ಕೆ ಕಲಬುರಗಿ, ಇನ್ನೊಂದಕ್ಕೆ ಗುಲ್ಬರ್ಗಾ ಅಂತ ಹೆಸರಿಟ್ಟು ಮೂರು ತಿಂಗಳು ಸರ್ಚ್ ಕನ್ಸೋಲ್ (ಗೂಗಲ್ ಹುಡುಕಾಟದಿಂದ ಎಷ್ಟು ಜನ ಬಂದರು ಅಂತ ತೋರಿಸುವ ಸಾಧನ) ನೋಡಿದೆ. ಮೂರರಲ್ಲಿ ಎರಡು ಪಾಲು ಜನ ಗುಲ್ಬರ್ಗಾ ಹೆಸರಿನ ಪುಟಕ್ಕೇ ಬಂದರು. ಊರಿನ ಹೆಸರು ಕಲಬುರಗಿ ಅಂತ ಬರೆಯುವುದೇ ನನಗೆ ಇಷ್ಟ, ಆದರೂ ಈಗ ಎಲ್ಲಾ ಸೈಟಿನಲ್ಲೂ ಎರಡೂ ಹೆಸರು ಇಡುತ್ತೇನೆ.

ದುಡ್ಡಿನ ವಿಷಯ. ಹೋಸ್ಟಿಂಗ್ ಮೊದಲ ವರ್ಷ 1,800 ಇತ್ತು, ಎರಡನೇ ವರ್ಷಕ್ಕೆ ಐದು ಸಾವಿರದ ಮೇಲೆ ಹೇಳಿದರು. ಬೇರೆ ಕಡೆ ಸಾಗಿಸಿದೆ, ಡೊಮೇನ್ ಸೇರಿ ವರ್ಷಕ್ಕೆ ಮೂರು ಸಾವಿರದೊಳಗೆ ಮುಗಿಯುತ್ತಿದೆ. ಸಾಗಿಸುವಾಗ ಕ್ಯಾರೆಕ್ಟರ್ ಸೆಟ್ (ಅಕ್ಷರ ಉಳಿಸುವ ಪದ್ಧತಿ) ತಪ್ಪಿ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ ಆಗಿತ್ತು. ಬ್ಯಾಕಪ್ ಬೇರೆ ಕಡೆ ಇಟ್ಟಿದ್ದರಿಂದ ಬದುಕಿದೆ. ಅಕ್ಕಂದಿರಿಗೆ ಕಲಿಸಲು ನಾಲ್ಕು ಮಧ್ಯಾಹ್ನ ಬೇಕಾಯಿತು, ಅದಕ್ಕೆ 2,000 ತಗೊಂಡೆ, ಒಮ್ಮೆಗೇ ಕೊಟ್ಟರು.

ಈ ಸಲ ಎಳ್ಳ ಅಮಾವಾಸ್ಯೆಗೆ ನಾನು ಬೀದರ್ ಬಸ್ಸಿನಲ್ಲಿದ್ದೆ, ದಾರಿಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಇಳಿದು ಸೈಟ್ ತೆಗೆದರೆ ಸಜ್ಜೆ ರೊಟ್ಟಿಯ ಫೋಟೊ, ರೇಟು, ಕೆಳಗೆ "ಆರ್ಡರ್ ಮುಗದಾವ್ರಿ, ನಾಳೆ ಬರ್ರಿ" ಅಂತ ಅಕ್ಕನೇ ಬರೆದಿದ್ದರು. ಬೇಡ ಅಂದಿದ್ದ ಗೆಳೆಯನಿಗೆ ಆ ಲಿಂಕ್ ಕಳಿಸಿದೆ. ಅವನು ಹೋದ ವಾರ ತನ್ನ ಇಬ್ಬರು ಗಿರಾಕಿಗಳನ್ನು ಕರಕೊಂಡು ನಮ್ಮ ಅಂಗಡಿಗೆ ಬಂದಿದ್ದ.