ಪರದೇಶದಲ್ಲಿ ನಾಗರಪಂಚಮಿಗೆ ಅರಸಿನೆಲೆ ಗಟ್ಟಿ

ನಾಗಬನದಲ್ಲಿ ಹಾಲು, ಸೀಯಾಳದ ಅಭಿಷೇಕ ಮುಗಿಸಿ ಮಳೆಯಲ್ಲಿ ನೆನೆದು ಮನೆಗೆ ಬರುವಾಗ ಜಗಲಿಯವರೆಗೂ ಹಬ್ಬಿರುತ್ತಿದ್ದ ಬೆಂದ ಅರಸಿನೆಲೆಯ ಪರಿಮಳವೇ ಉಡುಪಿಯ ಕಡೆಯ ನಮಗೆ ನಾಗರಪಂಚಮಿ. ಆ ಎಲೆಗೆ ಅಕ್ಕಿಹಿಟ್ಟು ಹಚ್ಚಿ, ಕಾಯಿ ಬೆಲ್ಲದ ಹೂರಣವಿಟ್ಟು ಮಡಚಿ ಹಬೆಯಲ್ಲಿ ಬೇಯಿಸುವ ಸಿಹಿ ತಿಂಡಿಯೇ ಗಟ್ಟಿ. ಜರ್ಮನಿಯಲ್ಲಿದ್ದ ಮೊದಲ ವರ್ಷ ಆ ಹಂಬಲ ತಡೆಯಲಾಗದೆ ಹಿಟ್ಟಿಗೆ ಅರಸಿನ ಪುಡಿ ಬೆರೆಸಿ ಬಾಳೆಲೆಯಲ್ಲಿ ಗಟ್ಟಿ ಬೇಯಿಸಿದ್ದೆ. ಹಳದಿ ಬಣ್ಣ ಬಂತು, ಸ್ವಲ್ಪ ಕಹಿಯೂ ಬಂತು, ಪರಿಮಳ ಬರಲಿಲ್ಲ. ಅಕ್ಕಿ, ಕಾಯಿ, ಬೆಲ್ಲ ಎಲ್ಲಿಯೂ ಸಿಗುತ್ತವೆ, ಸಿಗದಿರುವುದು ಎಲೆ. ಆದುದರಿಂದ ಈ ತಿಂಡಿಯ ಸಿದ್ಧತೆಯನ್ನು ಮಾರ್ಚ್ ತಿಂಗಳಲ್ಲಿಯೇ ಆರಂಭಿಸಬೇಕು.

ಭಾರತೀಯ ಅಂಗಡಿಯಲ್ಲಿ ಸಿಗುವ ಹಸಿ ಅರಸಿನದ ಕೊಂಬುಗಳಲ್ಲಿ ಮೊಳಕೆಯ ಕಣ್ಣು ಉಬ್ಬಿರುವುದನ್ನು ಆರಿಸಿ, ಅಗಲವಾದ ಕುಂಡದಲ್ಲಿ ಎರಡು ಅಂಗುಲ ಆಳಕ್ಕೆ ಊರಿ, ಮನೆಯೊಳಗಿನ ಬೆಚ್ಚಗಿನ ಜಾಗದಲ್ಲಿಡಬೇಕು. ಮೊಳಕೆ ಕಾಣಲು ತಿಂಗಳಾದರೂ ಬೇಕಾಗಬಹುದು. ಅಲ್ಲಿಯವರೆಗೆ ಮಣ್ಣು ತುಸು ತೇವವಾಗಿದ್ದರೆ ಸಾಕು, ನೀರು ಹೆಚ್ಚಾದರೆ ಕೊಂಬು ಕೊಳೆಯುತ್ತದೆ. ಹಬ್ಬ 2025ರಲ್ಲಿ ಜುಲೈ 29ಕ್ಕೆ ಬಂದಿತ್ತು, ಅಧಿಕ ಮಾಸವಿರುವ 2026ರಲ್ಲಿ ಆಗಸ್ಟ್ 17ಕ್ಕೆ ಬರುತ್ತದೆ. ಮಾರ್ಚ್‌ನಲ್ಲಿ ನೆಟ್ಟ ಗಿಡಕ್ಕೆ ಆ ಹೊತ್ತಿಗೆ ಅಂಗೈಯಗಲದ ಎಲೆಗಳಿರುತ್ತವೆ. ಆಸ್ಟ್ರೇಲಿಯಾದಲ್ಲಿರುವವರಿಗೆ ಆಗಸ್ಟ್ ಚಳಿಗಾಲವಾದ್ದರಿಂದ ಅವರು ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಕೊಯ್ದು, ಒರೆಸಿ, ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಊರಿನಿಂದ ಬರುವವರ ಕೈಯಲ್ಲಿ ಹಸಿ ಎಲೆ ತರಿಸಬೇಡಿ. ಆಸ್ಟ್ರೇಲಿಯಾದಲ್ಲಿ ಸಸ್ಯಗಳ ತಪಾಸಣೆ ಬಹಳ ಕಟ್ಟುನಿಟ್ಟು.

ಎರಡು ಲೋಟ ಬೆಳ್ತಿಗೆ ಅಕ್ಕಿಯನ್ನು (ಕುಚ್ಚಲಲ್ಲದ ಬಿಳಿ ಅಕ್ಕಿ) ನಾಲ್ಕು ಗಂಟೆ ನೆನೆಸಿ, ಅರ್ಧ ಲೋಟ ಕಾಯಿತುರಿ ಮತ್ತು ಉಪ್ಪಿನೊಂದಿಗೆ ನುಣ್ಣಗೆ ರುಬ್ಬಬೇಕು. ಸೋನಾ ಮಸೂರಿ ಆಗುತ್ತದೆ. ಬಾಸ್ಮತಿ ಬೇಡ, ಅದರ ವಾಸನೆ ಎಲೆಯ ಪರಿಮಳಕ್ಕೆ ಅಡ್ಡ ಬರುತ್ತದೆ. ಎಲೆಯನ್ನು ಓರೆ ಹಿಡಿದರೂ ಹರಿಯದಷ್ಟು ಹಿಟ್ಟು ಗಟ್ಟಿಯಾಗಿರಬೇಕು. ಹೂರಣಕ್ಕೆ ಎರಡು ಲೋಟ ಕಾಯಿತುರಿಗೆ ಒಂದು ಲೋಟ ಬೆಲ್ಲ ಮತ್ತು ನಾಲ್ಕು ಏಲಕ್ಕಿ ಸಾಕು. ಊರಿನಲ್ಲಿ ಆಗ ತುರಿದ ಕಾಯಿಗೆ ಬೆಲ್ಲವನ್ನು ಹಾಗೆಯೇ ಕಲಸುತ್ತಾರೆ. ಫ್ರೀಜರಿನ ಕಾಯಿತುರಿ ನೀರು ಬಿಡುವುದರಿಂದ, ಅದನ್ನು ಬೆಲ್ಲದೊಂದಿಗೆ ಬಾಣಲೆಯಲ್ಲಿ ತೇವ ಆರುವವರೆಗೆ ಕೈಯಾಡಿಸಿ, ತಣಿದ ಮೇಲೆ ಬಳಸಬೇಕು; ಈ ಕೆಲಸ ಬಿಟ್ಟರೆ ಬೆಲ್ಲದ ನೀರು ಒಸರಿ ಗಟ್ಟಿ ಬಿರಿಯುತ್ತದೆ.

ಎಲೆಯ ನಡುದಿಂಡು ದಪ್ಪವಿದ್ದರೆ ಚೂರಿಯಿಂದ ಹೆರೆದು ತೆಳು ಮಾಡಿ. ಒದ್ದೆ ಬೆರಳಿನಿಂದ ಹಿಟ್ಟನ್ನು ಅಂಚಿನವರೆಗೂ ತೆಳ್ಳಗೆ ಹಚ್ಚಿ, ಒಂದು ಬದಿಗೆ ಹೂರಣ ಹರಡಿ, ಎಲೆಯನ್ನು ಉದ್ದಕ್ಕೆ ಮಡಚಿ ಅಂಚು ಒತ್ತಿ, ನೀರು ಕುದಿಯುತ್ತಿರುವ ಇಡ್ಲಿ ಪಾತ್ರೆಯಲ್ಲಿಟ್ಟು ಇಪ್ಪತ್ತು ನಿಮಿಷ ಬೇಯಿಸಬೇಕು. ಸ್ವಲ್ಪ ಆರಿದ ಮೇಲೆ ಎಲೆ ಬಿಡಿಸಿದರೆ ಅದರ ನರಗಳ ಗೆರೆ ಗಟ್ಟಿಯ ಮೈಮೇಲೆ ಒಂದೂ ಬಿಡದೆ ಮೂಡಿರುತ್ತದೆ. ಮೇಲೆ ಒಂದು ಚಮಚ ತುಪ್ಪ ಹಾಕಿ ಬಿಸಿಯಿರುವಾಗಲೇ ತಿನ್ನಬೇಕು.

ಚಳಿಗಾಲದಲ್ಲಿ ಎಲೆಯೆಲ್ಲ ಒಣಗಿತೆಂದು ಗಿಡವನ್ನು ಎಸೆಯಬೇಡಿ. ನೀರು ಹಾಕುವುದನ್ನು ನಿಲ್ಲಿಸಿ ಕುಂಡವನ್ನು ಮನೆಯೊಳಗಿಟ್ಟರೆ, ಮುಂದಿನ ವರ್ಷ ಅದೇ ಕೊಂಬು ಮತ್ತೆ ಚಿಗುರುತ್ತದೆ.